ಕ್ಷಮಾಳ ಕೊರಳಿನ ರೋಮನ್ ಕಾಸು

ಶ್ರೀಲತಾ ಸುಳ್ಳು ಹೇಳುವ ಹೆಂಗಸಲ್ಲ ಎಂದು ಅವಳನ್ನು ಬಲ್ಲವರೆಲ್ಲ ಹೇಳುತ್ತಿದ್ದರು. ಅವಳೂ ಹಾಗೆಯೇ ನಂಬಿದ್ದಳು. ಕುಂದಾಪುರದ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಮಾಡುವಾಗ ‘ಇದ್ದಿರಬಹುದು’, ‘ಹಾಗೆಂದು ಊಹಿಸಲಾಗಿದೆ’ ಎಂಬ ಮಾತುಗಳನ್ನು ಸಾರಿಗೆ ಉಪ್ಪು ಹಾಕುವಷ್ಟು ಎಚ್ಚರದಿಂದ ಹಾಕುತ್ತಿದ್ದಳು. ಹುಟ್ಟೂರು ಶಂಕರನಾರಾಯಣ. ವಯಸ್ಸು ಮೂವತ್ತೇಳು, ಮದುವೆ ಆಗಿರಲಿಲ್ಲ. ಬ್ರಹ್ಮಾವರದಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆಯಲ್ಲಿ ಅವಳ ಜೊತೆಗಿದ್ದದ್ದು ಅರವತ್ತೆರಡು ಕಂಚಿನ ನಾಣ್ಯಗಳು. ಎಲ್ಲವೂ ರೋಮಿನ ಚಕ್ರವರ್ತಿಗಳ ಕಾಲದವು, ಉಗುರಿನಷ್ಟೋ ಅಂಗಿಯ ಗುಂಡಿಯಷ್ಟೋ ದೊಡ್ಡವು.

ಚಿನ್ನದ ನಾಣ್ಯ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ, ಆಸೆಯೂ ಇರಲಿಲ್ಲ. ಚಿನ್ನ ತಿಜೋರಿಯಲ್ಲಿ ಮಲಗುತ್ತದೆ. ಕಂಚು ಹಾಗಲ್ಲ, ಅದು ಮೀನು ಕೊಳ್ಳುವವರ, ಎಣ್ಣೆ ಕೊಳ್ಳುವವರ ಬೆವರಿನ ಕೈಗಳಲ್ಲಿ ಓಡಾಡಿದ್ದು. ಈ ಯೋಚನೆಯೇ ಅವಳನ್ನು ಹಿಡಿದುಬಿಟ್ಟಿತ್ತು. 1997ರಿಂದ ಕರೂರಿನ ವ್ಯಾಪಾರಿಯೊಬ್ಬ, ಅಲ್ಲಿನ ಹೊಳೆಯ ಮರಳು ಜರಡಿ ಹಿಡಿದಾಗ ಸಿಕ್ಕಿದವನ್ನು ಅಂಚೆಯಲ್ಲಿ ಕಳಿಸುತ್ತಿದ್ದ. ಬಂದಾಗ ಅವು ಹಸಿರು ಹಿಡಿದ ಮಣ್ಣಿನ ಗುಳಿಗೆಗಳು. ಬ್ಯಾಟರಿಗೆ ಹೊಯ್ಯುವ ನೀರಿನಲ್ಲಿ ಅವನ್ನು ತಿಂಗಳುಗಟ್ಟಲೆ ನೆನೆಸಿ, ಬಿದಿರಿನ ಕಡ್ಡಿಯ ತುದಿಯಿಂದ ಕೆರೆದು, ಇವತ್ತು ಒಂದು ಕಿವಿ, ನಾಳೆ ಒಂದು ಮೂಗು, ನಾಡಿದ್ದು ಒಂದು ಅಕ್ಷರ ಎಂದು ಅವಳು ಹೊರಗೆ ತರುತ್ತಿದ್ದಳು.

ಒಂದು ಬೆಳಿಗ್ಗೆ ಜಗಲಿಯ ಮೇಲೆ ಹರಡಿದ್ದ ನಾಣ್ಯಗಳನ್ನು ಸುಗಂಧಿ ನೋಡಿದಳು. ಸುಗಂಧಿ ಹಂಗಾರಕಟ್ಟೆಯವಳು. ಅಳಿವೆಯಲ್ಲಿ ನೀರು ಇಳಿದಾಗ ಕೆಸರಿಗೆ ಕೈ ಹಾಕಿ ಚಿಪ್ಪು ಹೆಕ್ಕಿ, ಬುಟ್ಟಿ ಹೊತ್ತು ಬ್ರಹ್ಮಾವರದ ಓಣಿಗಳಲ್ಲಿ ಮಾರುವವಳು. ಆ ಚಿಪ್ಪಿಗೆ ಅವರು ಮಳಿ ಎನ್ನುತ್ತಾರೆ.

“ಹ್ವಾಯ್ ಟೀಚ್ರೆ, ಎಂತ ಅದ್ ಒಣಗ್ಸುದ್? ಸಂಡಿಗೆಯಾ?”

“ಹಳೇ ನಾಣ್ಯ ಸುಗಂಧಕ್ಕ. ಸಾವ್ರದ್ ಏಳ್ನೂರ್ ವರ್ಷ ಆಯ್ತ್ ಅದಕ್ಕೆ.”

ಸುಗಂಧಿ ಬುಟ್ಟಿ ಇಳಿಸಿ ಬಗ್ಗಿ ನೋಡಿದಳು. “ಅಯ್ಯಯ್ಯೋ, ಇಂಥದ್ ನಮಗೆ ಮಳಿ ಹೆಕ್ಕುವತಿಗೆ ಸಿಕ್ಕತ್ತಲೆ! ನಾವ್ ಬಿಸಾಡುದ್.”

ಶ್ರೀಲತಾಳ ಕೈಯ ಕಡ್ಡಿ ಅಲ್ಲೇ ನಿಂತಿತು. ಈ ಕರಾವಳಿಯಲ್ಲಿ ರೋಮಿನ ಕಂಚು ಸಿಕ್ಕಿದ್ದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಸಿಕ್ಕಿದರೆ, ಅದನ್ನು ಮೊದಲು ಹೇಳಿದವಳು ಅವಳಾಗುತ್ತಾಳೆ.

ಮುಂದಿನ ನಾಲ್ಕು ವರ್ಷಗಳಲ್ಲಿ ಸುಗಂಧಿ ಒಂಬತ್ತು ತಂದುಕೊಟ್ಟಳು. ಪ್ರತಿ ಸಲ ಬುಟ್ಟಿಯ ಅಡಿಯಿಂದ ಎಲೆಯಲ್ಲಿ ಸುತ್ತಿದ್ದನ್ನು ತೆಗೆದು, “ಕಾಣಿ, ನಿಮ್ ಗಂಡ ಬಂದ” ಎಂದು ನಗುತ್ತಿದ್ದಳು. ಉಪ್ಪುನೀರು ಆ ಒಂಬತ್ತನ್ನೂ ತಿಂದು ಹಾಕಿತ್ತು. ಎಷ್ಟು ಕೆರೆದರೂ ಮುಖ ಏಳಲಿಲ್ಲ, ಅಕ್ಷರ ಏಳಲಿಲ್ಲ. ಆದರೂ ಶ್ರೀಲತಾ ಅವನ್ನಿಟ್ಟುಕೊಂಡು ಒಂದು ಪ್ರಬಂಧ ಬರೆದಳು, 2004ರ ಒಂದು ವಿಚಾರ ಸಂಕಿರಣದಲ್ಲಿ ಓದಿದಳು. ಅಧ್ಯಕ್ಷತೆ ವಹಿಸಿದ್ದ ಪ್ರೊಫೆಸರ್ ಭೋಜರಾಜರು ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು, “ಮೇಡಂ, ನೀವು ಕರೂರಿನಿಂದಲೂ ತರಿಸುತ್ತೀರಂತೆ. ಈ ಒಂಬತ್ತು ಹಂಗಾರಕಟ್ಟೆಗೆ ಹಡಗಿನಲ್ಲಿ ಬಂದವೋ, ಬಸ್ಸಿನಲ್ಲಿ ಬಂದವೋ?” ಎಂದರು. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಅವಳದೇ ವಿದ್ಯಾರ್ಥಿಗಳಿದ್ದರು, ಅವರೂ ನಕ್ಕರು. ಆಮೇಲೆ ಏಳೆಂಟು ತಿಂಗಳು ಅವಳು ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಬೆನ್ನ ಹಿಂದೆ ಆ ನಗು ಕೇಳಿಸಿದಂತಾಗಿ ಸೀಮೆಸುಣ್ಣ ಮುರಿಯುತ್ತಿತ್ತು.

2005ರ ಫೆಬ್ರವರಿಯಲ್ಲಿ ಸುಗಂಧಿ ಮಗಳನ್ನು ಕರೆದುಕೊಂಡು ಬಂದಳು. ಕ್ಷಮಾಳಿಗೆ ಹತ್ತೊಂಬತ್ತು. ಗೇರುಬೀಜದ ಫ್ಯಾಕ್ಟರಿಯ ಕೆಲಸದಿಂದ ಬೆರಳ ತುದಿ ಕಪ್ಪು ಹಿಡಿದಿತ್ತು, ಮುಖ ಮಾತ್ರ ತೊಳೆದಿಟ್ಟ ಹಾಗೆ ಚಂದ. ಬೀಜಾಡಿಯ ರತನ್ ಎಂಬವನ ಜೊತೆ ಮದುವೆ ಗೊತ್ತಾಗಿದೆ, ಏಪ್ರಿಲ್ ಕೊನೆಗೆ ದಿನ ಇಟ್ಟಿದ್ದಾರೆ ಎಂದು ಸುಗಂಧಿ ಹೇಳುತ್ತಿದ್ದರೆ, ಹುಡುಗಿ ನಾಚಿಕೊಂಡು ಕೊರಳಿನ ಕಪ್ಪು ದಾರವನ್ನು ಮೇಲಕ್ಕೆಳೆದು, ದಾರದ ತುದಿಯಲ್ಲಿದ್ದದ್ದನ್ನು ಬಾಯಿಗಿಟ್ಟುಕೊಂಡಳು.

“ಹೆಣೆ, ಬಾಯಿಂದ ತೆಗಿ! ಸಣ್ಣಕಿರುವತಿಗಿಂದ ಇದೇ ಬುದ್ಧಿ ಕಾಣಿ. ನಿದ್ರೆಯಲ್ಲೂ ಚೀಪತ್ತ್.”

ಬಾಯಿಂದ ಹೊರಬಂದದ್ದು ಇಪ್ಪತ್ತೈದು ಪೈಸೆಯಷ್ಟು ಅಗಲದ ಕಂಚು. ಹತ್ತೊಂಬತ್ತು ವರ್ಷ ಮೈಗೆ ಉಜ್ಜಿ, ಎಂಜಲಿನಲ್ಲಿ ನೆನೆದು ಜೇನಿನ ಬಣ್ಣಕ್ಕೆ ಬಂದಿತ್ತು. ಅಂಚಿನಲ್ಲಿ ಒಂದು ತೂತು. ಶ್ರೀಲತಾ ಭೂತಗನ್ನಡಿ ತಂದು ಹುಡುಗಿಯ ಕೊರಳ ಬಳಿ ಬಗ್ಗಿದಳು. ಇಬ್ಬರು ಸೈನಿಕರು ಈಟಿ ಹಿಡಿದು ಎದುರುಬದುರು ನಿಂತಿದ್ದರು, ನಡುವೆ ಒಂದು ಧ್ವಜ. ಸುತ್ತ ಅಕ್ಷರಗಳು. ಕಾನ್‌ಸ್ಟಂಟೈನನ ಕಾಲದ್ದು, ಇಲ್ಲವೇ ಅವನ ಮಕ್ಕಳ ಕಾಲದ್ದು.

“ಇವಳ್ ಹೊಟ್ಟೆಯಲ್ಲಿಪ್ಪತಿಗೆ ಮಳಿ ಒಟ್ಟಿಗೆ ಸಿಕ್ಕಿದ್ದ್” ಎಂದಳು ಸುಗಂಧಿ. “ಇಬ್ರ್ ಕಾವಲಿಗ್ ನಿಂತಿರಲೆ, ಹೆಣ್ಣಿಗ್ ಒಳ್ಳೇದ್ ಅಂದೇಳಿ ಇವಳಪ್ಪ ದೋಣಿ ಕೆಲ್ಸದ್ ಬೈರಿಗೆಯಂಗ್ ತೂತ್ ಮಾಡಿ, ಹನ್ನೊಂದನೇ ದಿನ ಕಟ್ಟಿದ್ರ್. ಸ್ಟುಡಿಯೋದಂಗ್ ತೆಗ್ಸಿದ್ ಫೋಟೋದಲ್ಲೂ ಇತ್ತ್.”

ಫೋಟೋ! ಅದು ಈಗಲೂ ಮನೆಯಲ್ಲಿದೆಯೇ ಎಂದು ಶ್ರೀಲತಾ ಕೇಳಿದಳು. ಮರುದಿನವೇ ಹಂಗಾರಕಟ್ಟೆಗೆ ಹೋಗಿ ನೋಡಿದಳು. ಕುರ್ಚಿಯ ಮೇಲೆ ಕೂತ ವರ್ಷದ ಮಗು, ಕೊರಳಲ್ಲಿ ನಾಣ್ಯ, ಹಿಂದೆ ಸ್ಟುಡಿಯೋದ ಮುದ್ರೆ, 1987. ಅವಳು ಕರೂರಿನಿಂದ ಮೊದಲ ನಾಣ್ಯ ತರಿಸುವುದಕ್ಕೆ ಹತ್ತು ವರ್ಷ ಮೊದಲು. ಆ ಫೋಟೋ, ಆ ನಾಣ್ಯ ಎರಡನ್ನೂ ಮೇಜಿನ ಮೇಲಿಟ್ಟರೆ ಭೋಜರಾಜರು ಬಾಯಿ ತೆರೆಯುವ ಹಾಗಿಲ್ಲ. ಬರೀ ಚಿತ್ರ ತೋರಿಸಿದರೆ ಕಂಪ್ಯೂಟರಿನಲ್ಲಿ ಮಾಡಿದ್ದೆಂದು ಮತ್ತೆ ನಗುತ್ತಾರೆ. ನಾಣ್ಯವೇ ಬೇಕು.

ಕೇಳಿದಳು. ಬದಲಿಗೆ ಚಿನ್ನದ ಕಾಸು ಮಾಡಿಸಿಕೊಡುತ್ತೇನೆ ಎಂದಳು. ಸುಗಂಧಿ ಫೋಟೋವನ್ನು ಕೊಟ್ಟಳು, ನಾಣ್ಯಕ್ಕೆ ಮಾತ್ರ ನಕ್ಕುಬಿಟ್ಟಳು.

“ಅದ್ ಆತಿಲ್ಲ ಟೀಚ್ರೆ. ಕರಿಮಣಿ ಬಪ್ಪಲ್ಲಿವರೆಗೆ ಅವಳ್ ಕೊರಳಿಂದ ತೆಗಿಯುಕಾಗ. ಮತ್ತೆ ಅವಳ್ ಮಗಿಗೆ ಕಟ್ಟುಕೆ. ನಿಮ್ಗೆ ಸತ್ ರಾಜರ್ ಮುಖ ಕಾಂಬ ಮರ್ಲ್, ನಮ್ಗೆ ಬದ್ಕಿಪ್ಪ ಮಕ್ಕಳ್ ಮುಖ ಸಾಕ್!”

ತಮಾಷೆಗೆ ಹೇಳಿದ ಮಾತು. ಶ್ರೀಲತಾ ಅದನ್ನು ಬಸ್ಸಿನಲ್ಲಿ ಮನೆಯವರೆಗೆ ಹೊತ್ತುಕೊಂಡು ಹೋದಳು.

ಮುಂದಿನ ಭಾನುವಾರ ಅವಳು ಮತ್ತೆ ಹೋದಾಗ ಸುಗಂಧಿಯ ಮನೆಯ ಅಂಗಳದಲ್ಲಿ ಗುರುತಿಲ್ಲದ ಒಂದು ಜೊತೆ ಚಪ್ಪಲಿ ಇತ್ತು, ಒಳ್ಳೆಯ ಚಪ್ಪಲಿ. ಎಲ್ಲವನ್ನೂ ಗಮನಿಸುವ ಅವಳ ಕಣ್ಣಿಗೆ ಅದು ಬೀಳದಿರಲು ಸಾಧ್ಯವಿಲ್ಲ. ಒಳಗೆ ರತನನ ತಾಯಿ ಜಲಜ ಕೂತಿದ್ದಳು, ಮದುವೆಯ ಸೀರೆಯ ಮಾತಾಡಲು ಬೀಜಾಡಿಯಿಂದ ಬಂದವಳು. ಇವತ್ತು ಬೇಡ, ಇನ್ನೊಂದು ದಿನ ಬರುತ್ತೇನೆ ಎಂದು ಶ್ರೀಲತಾ ತಿರುಗಬಹುದಿತ್ತು. ಅವಳ ಲೆಕ್ಕ ಬೇರೆ ಇತ್ತು. ಬೀಗಿತಿಯ ಎದುರಿಗೆ ಸುಗಂಧಿಗೆ ನಗಲಾಗುವುದಿಲ್ಲ.

“ಕೂಕಣಿ ಟೀಚ್ರೆ, ಆಸ್ರಿಗೆ ಎಂತ ಕೊಡ್ಲಿ?” ಎಂದಳು ಸುಗಂಧಿ. ಕ್ಷಮಾ ಬಾಗಿಲಿಗೆ ಒರಗಿ ನಿಂತಿದ್ದಳು, ನಾಣ್ಯ ಹಲ್ಲಿನ ನಡುವೆ ಇತ್ತು.

ಶ್ರೀಲತಾ ಕೂತಳು. ಮನೆಮಾತನ್ನು ಬಿಟ್ಟು, ತರಗತಿಯ ಕನ್ನಡದಲ್ಲಿ, ಒಂದೊಂದೇ ಮಾತನ್ನು ಆರಿಸಿ ಹೇಳಿದಳು: “ಸುಗಂಧಕ್ಕ, ನಿಮಗೆ ಹೇಳುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಆ ದೇಶದವರು ಸತ್ತವರ ಬಾಯಿಯೊಳಗೆ ಕಂಚಿನ ನಾಣ್ಯ ಇಟ್ಟು ಮಣ್ಣು ಮಾಡುತ್ತಿದ್ದರು. ಆಚೆ ಲೋಕದ ಹೊಳೆ ದಾಟಿಸುವ ಅಂಬಿಗನಿಗೆ ಕೊಡುವುದಕ್ಕೆ. ಇದು ಅಂಥದ್ದು.”

ಮೊದಲ ಮಾತುಗಳೆಲ್ಲ ಪುಸ್ತಕದಲ್ಲಿದ್ದವು. ಕೊನೆಯ ಎರಡು ಪದ ಅವಳದು.

ಹೆಣದ ಬಾಯಿಗೆ ಅಕ್ಕಿ ಹಾಕುವುದು ಅಲ್ಲಿದ್ದವರೆಲ್ಲ ಕೈಯಾರೆ ಮಾಡಿದ ಕೆಲಸ, ವಿವರಿಸಿ ಹೇಳಬೇಕಾಗಿರಲಿಲ್ಲ. ಕ್ಷಮಾಳ ತುಟಿ ತೆರೆದುಕೊಂಡು ನಾಣ್ಯ ದಾರದಲ್ಲಿ ಜಾರಿ ಎದೆಯ ಮೇಲೆ ಬಿತ್ತು. ಎಂಜಲಿನಿಂದ ಹೊಳೆಯುತ್ತಿತ್ತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಅಂಗಳಕ್ಕೆ ಓಡಿದಳು. ಬಾಳೆಯ ಬುಡದಲ್ಲಿ ಕಾರಿಕೊಳ್ಳುವ ಸದ್ದು ಒಳಗೆ ಕೇಳಿಸಿತು, ಒಂದು ಸಲ, ಎರಡು ಸಲ, ಆಮೇಲೆ ಏನೂ ಬಾರದೆ ಬರೀ ಗಂಟಲು ಕಿತ್ತುಬರುವ ಸದ್ದು.

“ಎಂತ ಹೇಳ್ತ್ರಿ ನೀವ್?” ಜಲಜ ಸೀರೆಯ ಸೆರಗನ್ನು ಎಳೆದುಕೊಂಡು ಎದ್ದಳು. “ಹೆಣದ್ ಬಾಯಿಂದಾ? ಈ ಹೆಣ್ಣ್ ಅದ್ನ ಬಾಯಿಗ್ ಹಾಯ್ಕಂಡ್ ನಿಂತದ್ ನಾನೇ ಕಂಡಿದೆ!”

“ನಾನು ಓದಿದ್ದನ್ನು ಹೇಳಿದೆ” ಎಂದಳು ಶ್ರೀಲತಾ. ಅಂಗಳಕ್ಕೆ ಇಳಿದು ಅಂಗೈ ಚಾಚಿದಳು. “ಬಿಚ್ಚಿ ಇಲ್ಲಿ ಕೊಡಿ. ನಾನು ತೆಗೆದುಕೊಂಡು ಹೋಗುತ್ತೇನೆ. ನಿಮಗೆ ಅದರ ಸಂಗವೇ ಬೇಡ.”

ಸುಗಂಧಿ ಹೊರಗೆ ಓಡಿಬಂದು ಮಗಳ ಕೊರಳಿನ ಗಂಟು ಬಿಚ್ಚಿದಳು. ದಾರ ಕೈಗೆ ಬಂತು. ಶ್ರೀಲತಾಳ ಅಂಗೈಯಿಂದ ನಾಣ್ಯ ಒಂದು ಗೇಣು ದೂರ ಇತ್ತು. ಸುಗಂಧಿ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

“ಬ್ಯಾಡ, ಬ್ಯಾಡ! ಸತ್ತೋರ್ ವಸ್ತು ಮತ್ತೊಬ್ರ್ ಕೈಗ್ ಕೊಡುಕಾಗ. ಹಿಡ್ಕಂಡರಿಗೆ ಹೋತ್ತ್ ಅದ್. ನೀವ್ ನಮ್ಗೆ ಇಷ್ಟ್ ಒಳ್ಳೇದ್ ಮಾಡಿ ಹೇಳಿರಿ, ನಿಮ್ ತಲಿಗ್ ಹಾಕುದಾ?”

ಸುಗಂಧಿಯ ಜೊತೆ ಜಗಲಿಯಲ್ಲಿ ಕೂತು ನಾಲ್ಕು ವರ್ಷ ಮಾತಾಡಿದ್ದರೂ ಅಳಿವೆಯವರ ಈ ಒಂದು ಕಟ್ಟಳೆ ಶ್ರೀಲತಾಳಿಗೆ ಗೊತ್ತಿರಲಿಲ್ಲ. ನೀರಿನಲ್ಲಿ ಸತ್ತವರ ಉಂಗುರವಾಗಲಿ, ಉಡಿದಾರವಾಗಲಿ ಸಿಕ್ಕಿದರೆ ಅವರು ಯಾರಿಗೂ ದಾಟಿಸುವುದಿಲ್ಲ. ತೆಗೆದ ಕೈಯೇ ತಿರುಗಿ ನೀರಿಗೆ ಹಾಕಬೇಕು. ಅವಳು ನೋಡುತ್ತಿದ್ದಂತೆಯೇ ಸುಗಂಧಿ ನಾಣ್ಯವನ್ನು ತುಳಸಿಕಟ್ಟೆಯಿಂದ ದೂರ, ಬೇಲಿಯ ಗೂಟಕ್ಕೆ ಸಿಕ್ಕಿಸಿ, ಕೈ ತೊಳೆದಳು. ಜಲಜ ಕುಡಿಯಲು ಕೊಟ್ಟಿದ್ದ ಆಸರಿಗೆಯನ್ನೂ ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮೂರನೆಯ ದಿನ ಸುಗಂಧಿ ಬ್ರಹ್ಮಾವರಕ್ಕೆ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರ ಹೋಗಿದ್ದಳಂತೆ. ಅಳಿವೆಯಿಂದ ತೆಗೆದದ್ದು ಒಂದನ್ನೂ ಉಳಿಸಬಾರದು, ಎಲ್ಲವನ್ನೂ ಇಳಿತದ ಹೊತ್ತಿಗೆ ತಿರುಗಿ ನೋಡದೆ ನೀರಿಗೆ ಬಿಡಬೇಕು ಎಂದು ಅಪ್ಪಣೆ ಆಗಿತ್ತು.

“ನಾ ಕೊಟ್ಟ ಒಂಬತ್ತ್ ಇತ್ತಲೆ ನಿಮ್ಮತ್ರ, ಅದ್ನ ಕೊಟ್ಬಿಡಿ ಟೀಚ್ರೆ. ನಿಮ್ ಒಳ್ಳೇದಕ್ಕೇ ಹೇಳುದ್.” ಅವಳು ದನಿ ತಗ್ಗಿಸಿದಳು. “ನೀವ್ ಬೇಜಾರ್ ಮಾಡ್ಬ್ಯಾಡಿ. ನಿಮ್ಗೆ ಇಷ್ಟ್ ವರ್ಷ ಆದ್ರೂ ಮದಿ ಆಯ್ಲಲೆ... ಇದೇ ಕಾರ್ಣ ಆಯ್ಕ್. ನಾನೇ ತಂದ್ ಹಾಕ್ದಂಗ್ ಆಯ್ತ್.” ಅವಳ ಕಣ್ಣಲ್ಲಿ ನೀರು ಬಂತು.

ಶ್ರೀಲತಾ ಒಳಗೆ ಹೋದಳು. ಆ ಒಂಬತ್ತು ನಾಣ್ಯಗಳ ಪೊಟ್ಟಣ ಕಪಾಟಿನ ಮೇಲಿನ ಅರೆಯಲ್ಲಿತ್ತು. ಅವಳು ಕೆಳಗಿನ ಅರೆ ಎಳೆದು, ಕರೂರಿನ ರಾಶಿಯಿಂದ ಹೆಚ್ಚು ಸವೆದ ಒಂಬತ್ತನ್ನು ಆರಿಸಿ, ಕಾಗದದಲ್ಲಿ ಸುತ್ತಿ ತಂದುಕೊಟ್ಟಳು. ಸುಗಂಧಿ ಸೆರಗಿನಲ್ಲಿ ಹಿಡಿದುಕೊಂಡಳು, ಬರಿಗೈಯಲ್ಲಿ ಮುಟ್ಟಲಿಲ್ಲ.

“ಕ್ಷಮಾಳದ್ದು ಯಾವಾಗ ಬಿಡುತ್ತೀರಿ?”

“ಇವತ್ತೇ. ಎಲ್ಲಾ ಒಟ್ಟಿಗೆ.”

ಸುಗಂಧಿ ಗೇಟು ದಾಟಿದ ಮೇಲೆ ಶ್ರೀಲತಾಳಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ಇವತ್ತು ಸಂಜೆಯಿಂದ ಆ ಅಳಿವೆಯ ಕೆಸರಿನಲ್ಲಿ ಕರೂರಿನ ನಾಣ್ಯಗಳಿರುತ್ತವೆ. ಇನ್ನು ಅಲ್ಲಿ ಯಾರು ಏನು ಎತ್ತಿದರೂ ಅದು ಎಲ್ಲಿಂದ ಬಂದದ್ದೆಂದು ಯಾವ ವಿದ್ವಾಂಸನೂ ಹೇಳಲಾರ, ಅವಳೂ ಹೇಳಲಾರಳು. ಓಡಿಹೋಗಿ ಕೂಗಬಹುದಿತ್ತು. ಕೂಗಿ ಏನು ಹೇಳುವುದು? ಕಿಟಕಿಯ ಸರಳು ಹಿಡಿದು ನಿಂತು, ಸುಗಂಧಿಯ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಈಗ ಉಳಿದದ್ದು ಆ ಒಂದೇ ನಾಣ್ಯ, ಫೋಟೋದ ಸಾಕ್ಷಿ ಇರುವ ಒಂದೇ ನಾಣ್ಯ. ಅದೂ ಇವತ್ತು ನೀರಿಗೆ.

ಜಲಜ ಎರಡು ದಿನ ಬಿಟ್ಟು ಹೇಳಿಕಳಿಸಿದಳು. ಸುತ್ತುಬಳಸಿನ ಮಾತಿರಲಿಲ್ಲ. ಹತ್ತೊಂಬತ್ತು ವರ್ಷ ಹೆಣದ ಬಾಯಿಯದ್ದನ್ನು ಚೀಪಿದ ಹೆಣ್ಣು ನಮ್ಮ ಮನೆಯ ಅನ್ನದ ಪಾತ್ರೆ ಮುಟ್ಟುವುದು ಬೇಡ ಎಂದಿದ್ದಳು. ಹಂಗಾರಕಟ್ಟೆಯಿಂದ ಬೀಜಾಡಿಯವರೆಗೆ ಅದೇ ಸುದ್ದಿ. ಫ್ಯಾಕ್ಟರಿಯಲ್ಲಿ ಕ್ಷಮಾಳ ಪಕ್ಕ ಕೂತು ಬೀಜ ಸುಲಿಯುತ್ತಿದ್ದವರು ಬುತ್ತಿ ಹಿಡಿದುಕೊಂಡು ದೂರ ಸರಿದರು. ಒಬ್ಬಳು, “ನಿನ್ ನೀರಿನ್ ಲೋಟ ಬ್ಯಾರೆ ಇಟ್ಕೊ ಮರಾಯ್ತಿ” ಎಂದಳಂತೆ.

ಶ್ರೀಲತಾ ಹೋದಾಗ ಕ್ಷಮಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೂದಿ, ಉಪ್ಪು, ಬೇವಿನ ಕಡ್ಡಿ ಎಲ್ಲ ಹಾಕಿ ಉಜ್ಜಿ ತುಟಿ ಒಡೆದು ಹೋಗಿತ್ತು. ಸುಗಂಧಿ ಬಂದು ಶ್ರೀಲತಾಳ ಎರಡೂ ಕೈ ಹಿಡಿದುಕೊಂಡಳು.

“ನೀವ್ ಓದ್ದರ್. ಒಂದ್ ಮಾತ್ ಹೇಳಿ. ಆ ದೇಶದ್ ನಾಣ್ಯ ಎಲ್ಲಾ ಹೆಣದ್ ಬಾಯಿಂದೇಯಾ? ಅಂಗ್ಡಿಗೆ ಕೊಟ್ಟದ್ದ್, ಪ್ಯಾಟಿಗ್ ಹೋದದ್ದ್ ಇಪ್ಪುಕಿಲ್ಯಾ? ಇವಳದ್ ಅಂಥದ್ ಆಯಿಪ್ಪುಕೂ ಸಾಕಲೆ? ನೀವ್ ಜಲಜಕ್ಕನತ್ರ ಹೇಳಿರೆ ಅವ್ರ್ ಕೇಳ್ತ್ರ್. ನಿಮ್ ಮಾತಂಗೇ ಹೋದ್ ಮದಿ, ನಿಮ್ ಮಾತಂಗೇ ಬತ್ತ್.”

ಗೋಡೆಗೆ ತಿರುಗಿದ್ದ ಹುಡುಗಿ ಉಸಿರು ಬಿಗಿಹಿಡಿದು ಕೇಳುತ್ತಿರುವುದು ಶ್ರೀಲತಾಳಿಗೆ ಬೆನ್ನು ನೋಡಿಯೇ ತಿಳಿಯಿತು. ಹೌದು, ಸಾವಿರಕ್ಕೆ ಒಂದೂ ಹಾಗಿರುವುದಿಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ, ನಾನು ಬೇಕೆಂದೇ ಹೇಳಿದ್ದು. ಇಷ್ಟು ಹೇಳಿದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಾಯಿಂದ ಬಂದದ್ದು ಬೇರೆ.

“ನಾಣ್ಯವನ್ನು ಕೈಯಲ್ಲಿ ಹಿಡಿದು ಅಕ್ಷರ ಓದದೆ ಹೇಳುವುದು ಹೇಗೆ ಸುಗಂಧಕ್ಕ? ಅವತ್ತು ನಾನು ಒಂದೇ ಮಗ್ಗುಲು ನೋಡಿದ್ದು. ಎರಡೂ ಮಗ್ಗುಲು ನೋಡಿದರೆ ಯಾವುದಕ್ಕಾಗಿ ಮಾಡಿದ್ದೆಂದು ತಿಳಿಯುತ್ತದೆ. ಬಾಯಿಯದ್ದು ಅಲ್ಲವಾದರೆ ಜಲಜಕ್ಕನಿಗೆ ನಾನೇ ಹೋಗಿ ಹೇಳುತ್ತೇನೆ. ಬರೆದು ಬೇಕಾದರೂ ಕೊಡುತ್ತೇನೆ.” ಸ್ವಲ್ಪ ತಡೆದು ಕೇಳಿದಳು. “ಎಲ್ಲಿ ಹಾಕಿದ್ರಿ?”

“ದೈವ ಬ್ಯಾಡ ಅಂದದ್ದನ್ನ ಮತ್ತೆ ತೆಗಿಯುದಾ?” ಸುಗಂಧಿ ಹಿಡಿದಿದ್ದ ಕೈಗಳನ್ನು ಬಿಟ್ಟಳು.

ಕ್ಷಮಾ ಎದ್ದು ಕೂತಳು. “ನಾ ತೆಗಿತೆ” ಎಂದಳು. “ನನ್ ಬಾಯಂಗ್ ಹತ್ತೊಂಬತ್ತ್ ವರ್ಷ ಇದ್ದಿತ್ತ್. ಇನ್ನ್ ಹೆದ್ರುಕೆ ಎಂತ ಉಳ್ದಿತ್ತ್?”

ಹಾಗೆ ಹೇಳಿದಳೇ ಹೊರತು ಹೆದರಿಕೆ ಬೇಕಾದಷ್ಟು ಉಳಿದಿತ್ತು. ಅಳಿವೆಗೆ ಇಳಿಯುವಾಗ ಅವಳು ಹೆಜ್ಜೆಗೊಮ್ಮೆ ನಿಂತು ತಾಯಿಯ ಕಡೆ ತಿರುಗುವುದು ದಂಡೆಯಲ್ಲಿ ಕೊಡೆ ಹಿಡಿದು ನಿಂತ ಶ್ರೀಲತಾಳಿಗೆ ಕಾಣುತ್ತಿತ್ತು. ಮಧ್ಯಾಹ್ನದ ಇಳಿತ. ತಾಯಿ ತೋರಿಸಿದ ಕಡೆ ಸೊಂಟದವರೆಗಿನ ನೀರಿನಲ್ಲಿ ಬಗ್ಗಿ, ಗಲ್ಲ ನೀರಿಗೆ ತಾಗಿಸಿ, ಎರಡೂ ಕೈಯನ್ನು ಕೆಸರಿಗೆ ತುರುಕಿ ಹುಡುಗಿ ತಡಕತೊಡಗಿದಳು. ಬೆರಳಿಗೆ ಏನಾದರೂ ಚಪ್ಪಟೆಯಾದದ್ದು ತಾಗಿದಾಗಲೆಲ್ಲ ಬೆಂಕಿ ಮುಟ್ಟಿದ ಹಾಗೆ ಮೈ ಕೊಸರಿಕೊಳ್ಳುತ್ತಿದ್ದಳು, ಮತ್ತೆ ಕೈ ಹಾಕುತ್ತಿದ್ದಳು. ಸುಗಂಧಿ ಎದೆಗೆ ಕೈಕಟ್ಟಿ ಬಾಯೊಳಗೆ ದೈವದ ಹೆಸರು ಹೇಳುತ್ತ ನಿಂತಿದ್ದಳು. ದೋಣಿ ರಿಪೇರಿ ಮಾಡುವವರು ಸುತ್ತಿಗೆ ಕೆಳಗಿಟ್ಟು ನೋಡಿದರು, ಹತ್ತಿರ ಯಾರೂ ಬರಲಿಲ್ಲ.

ಸುಮಾರು ಹೊತ್ತಾದ ಮೇಲೆ ಕ್ಷಮಾ ನೇರ ನಿಂತು ಕೈ ಎತ್ತಿದಳು. “ಸಿಕ್ಕಿತ್! ಟೀಚ್ರೆ, ಇದಾ?”

ಓಡಿಬಂದು ಅಂಗೈ ಬಿಚ್ಚಿದಳು. ಕರೂರಿನದು. ಚಕ್ರವರ್ತಿಯ ಕಿವಿಯ ಬಳಿ ತನ್ನದೇ ಕಡ್ಡಿ ಜಾರಿ ಆದ ಗೀರನ್ನು ಶ್ರೀಲತಾ ಗುರುತಿಸಿದಳು.

“ಅಲ್ಲ” ಎಂದಳು.

ಹುಡುಗಿ ಅದನ್ನು ದೂರ ಎಸೆದು, ಕೈಯನ್ನು ಮರಳಿಗೆ ಉಜ್ಜಿ, ಮತ್ತೆ ಇಳಿದಳು. ಇನ್ನೊಂದು ಸಿಕ್ಕಿತು. ಅದೂ ಅಲ್ಲ. ಮಗದೊಂದು ಬರೀ ಚಿಪ್ಪಿನ ಚೂರು. ಒಡೆದ ತುಟಿಗೆ ಉಪ್ಪುನೀರು ತಾಗಿ ರಕ್ತ ಒಸರುತ್ತಿತ್ತು. ಅದನ್ನು ಒರೆಸಿಕೊಳ್ಳಲು ಅವಳು ಕೈ ಎತ್ತಿ, ಅದೇ ಕೈ ಏನನ್ನು ಮುಟ್ಟಿದೆ ಎಂದು ನೆನಪಾಗಿ ಹಾಗೆಯೇ ಇಳಿಸಿದಳು.

ಭರತ ಏರತೊಡಗಿತು. ನೀರು ಹುಡುಗಿಯ ಸೊಂಟದಿಂದ ಎದೆಗೆ ಬಂತು, ಎದೆಯಿಂದ ಹೆಗಲಿಗೆ. ನಾಲ್ಕೈದು ದಿನದ ಸೆಳೆತದಲ್ಲಿ ಅಷ್ಟು ಹಗುರದ ಕಾಸು ಬಿದ್ದಲ್ಲೇ ಬಿದ್ದಿರುತ್ತದೆಯೇ? ಅದು ಶ್ರೀಲತಾಳಿಗೂ ಗೊತ್ತಿತ್ತು, ಹುಟ್ಟಿದಾಗಿಂದ ಈ ನೀರು ನೋಡಿದ ಸುಗಂಧಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೂ ಇಬ್ಬರೂ ಹುಡುಗಿಯನ್ನು ತಡೆಯಲಿಲ್ಲ.

ಕೊನೆಗೆ ಸುಗಂಧಿಯೇ, “ಹೆಣೆ, ಸಾಕ್, ಮೇಲ್ ಬಾ!” ಎಂದು ಕೂಗಿದಳು. ಕ್ಷಮಾ ಬಂದಳು, ಹಲ್ಲು ಕಟಕಟ ಎನ್ನುತ್ತಿತ್ತು. ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ದುಪಟ್ಟಾ ಹಿಂಡುತ್ತ ಶ್ರೀಲತಾಳ ಮುಖ ನೋಡಿದಳು. ಅದು ಪರೀಕ್ಷೆ ಬರೆದು ಮುಗಿಸಿದ ಮಕ್ಕಳು ನೋಡುವ ನೋಟ. ಆ ನೋಟವನ್ನು ಶ್ರೀಲತಾ ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದಳು, ಎಷ್ಟೋ ಸಲ ಕನಿಕರದಿಂದ ಎರಡು ಅಂಕ ಹೆಚ್ಚು ಕೊಟ್ಟಿದ್ದಳು.

ಅವಳು ಕೊಡೆ ಮಡಚಿದಳು.

“ನಾಳೆ ನೀರು ಎಷ್ಟು ಗಂಟೆಗೆ ಇಳಿಯುತ್ತದೆ?” ಎಂದು ಕೇಳಿದಳು.

“ಇವತ್ತಿಂದ ಮುಕ್ಕಾಲ್ ಗಂಟೆ ತಡ” ಎಂದಳು ಕ್ಷಮಾ. “ನಾ ಮೊದ್ಲೇ ಬಂದ್ ನಿಂತಿರ್ತೆ ಟೀಚ್ರೆ.”